ನಡುಗುವ ಎಲೆ, ತಿರುಚಿದ ಸೇತುವೆ

ಪ್ರಶ್ನೆ: ತಂಗಾಳಿಗೂ ಅರಳಿ ಎಲೆ ಪಟಪಟ ಅಲ್ಲಾಡುತ್ತದೆ, ಮಾವಿನೆಲೆ ಸುಮ್ಮನಿರುತ್ತದೆ. ಅಮೆರಿಕದ ಟಕೋಮಾ ಸೇತುವೆ 1940ರಲ್ಲಿ ಗಾಳಿಗೆ ಬಿದ್ದದ್ದು ಅನುರಣನದಿಂದ ಎಂದು ಓದಿದ್ದೇನೆ. ಎರಡಕ್ಕೂ ಕಾರಣ ಒಂದೇ ತಾನೆ?

ಉತ್ತರ: ಎರಡೂ ಒಂದೇ ಜಾತಿಯವು: ಫ್ಲಟರ್, ಅಂದರೆ ಗಾಳಿಯಿಂದ ತಾನೇ ಶಕ್ತಿ ಹೀರಿ ಬೆಳೆಯುವ ಅಲ್ಲಾಟ. ಆದರೆ ಅನುರಣನದ ಮಾತು ತಪ್ಪು. ಹೊರಗಿನ ನೂಕು ವಸ್ತುವಿನ ಸಹಜ ಕಂಪನಕ್ಕೆ ತಾಳ ಕೂಡಿಸಿದರೆ ಅನುರಣನ. ಆ ನವೆಂಬರ್ 7ರಂದು ಗಾಳಿಯ ವೇಗ ಗಂಟೆಗೆ ಸುಮಾರು 65 ಕಿ.ಮೀ. ಆ ವೇಗದಲ್ಲಿ ಸೇತುವೆಯ ಹಿಂದೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುಳಿ ಎದ್ದು ನೂಕುತ್ತದೆ. ಹಾಸು, ಅಂದರೆ ಸೇತುವೆಯ ರಸ್ತೆಯ ಭಾಗ, ತಿರುಚುತ್ತಿದ್ದದ್ದು 5 ಸೆಕೆಂಡಿಗೊಮ್ಮೆ. ತಾಳ ಎಲ್ಲಿ ಕೂಡಿತು?

ಫ್ಲಟರ್‌ಗೆ ತಾಳದ ಗಾಳಿ ಬೇಕಿಲ್ಲ, ಒಂದೇ ಸಮ ಬೀಸಿದರೂ ಸಾಕು. ಹಾಸು ಕೊಂಚ ತಿರುಚಿದಾಗ ಗಾಳಿ ತಾಗುವ ಕೋನ ಬದಲಾಗುತ್ತದೆ, ಅದರಿಂದ ಹುಟ್ಟಿದ ಬಲ ಚಲನೆಯ ದಿಕ್ಕಿನಲ್ಲೇ ನೂಕುತ್ತದೆ. ಹೀಗೆ ಸಿಗುವ ಶಕ್ತಿ ಒಳಗಿನ ಘರ್ಷಣೆ ನುಂಗುವುದಕ್ಕಿಂತ ಹೆಚ್ಚಾದರೆ ಓಲಾಟ ಸುತ್ತು ಸುತ್ತಿಗೂ ಬೆಳೆಯುತ್ತದೆ. ಟಕೋಮಾದಲ್ಲಿ ಅಂಚಿನ ತೊಲೆಗಳು 2.4 ಮೀಟರ್ ಎತ್ತರದ ಗಟ್ಟಿ ಉಕ್ಕಿನ ಹಲಗೆಗಳು, ಗಾಳಿಗೆ ತೂರಲು ಸಂದಿಯಿಲ್ಲ. ಹಾಸು ಮೊದಲು ಮೇಲೆ-ಕೆಳಗೆ ಮಾತ್ರ ಕುಣಿಯುತ್ತಿತ್ತು. ನಡುವಿನಲ್ಲಿ ಕೇಬಲ್ ಹಿಡಿದಿದ್ದ ಪಟ್ಟಿ ಜಾರಿದ ಮೇಲೆ ತಿರುಚಾಟ ಶುರುವಾಯಿತು. 1950ರ ಹೊಸ ಸೇತುವೆಗೆ 10 ಮೀಟರ್ ಆಳದ ಜಾಲರಿ ತೊಲೆ, ರಸ್ತೆಯಲ್ಲೇ ಗಾಳಿಗೆ ಸಂದು.

ಎಲೆಯಲ್ಲಿ ಗುಟ್ಟಿರುವುದು ತೊಟ್ಟಿನಲ್ಲಿ. ಅರಳಿಯ ತೊಟ್ಟು ಉದ್ದ, ತೆಳು, ಸುಲಭವಾಗಿ ತಿರುಚುತ್ತದೆ. ತಂಪು ದೇಶಗಳ ಆಸ್ಪೆನ್ ಮರದ್ದು ಪಕ್ಕದಿಂದ ಅದುಮಿದಂತೆ ಚಪ್ಪಟೆ: ಎಲೆಯ ಭಾರ ಹೊರಲು ಬಿಗಿ, ಅಡ್ಡಡ್ಡ ಬಳುಕಲು ಸಡಿಲು. ಮಾವಿನ ತೊಟ್ಟು ಗಿಡ್ಡ, ಬಿಗಿ. ಅಲ್ಲಾಟದಿಂದ ಕೆಳಗಿನ ಎಲೆಗಳಿಗೂ ಆಗಾಗ ಬೆಳಕು ಇಳಿಯುತ್ತದೆ. ಬಿರುಗಾಳಿಯಲ್ಲಿ ಹಲವು ಅಗಲ ಎಲೆಗಳು ಶಂಕುವಿನಂತೆ ಸುರುಳಿಯಾಗಿ ಗಾಳಿಯ ಎಳೆತ ತಗ್ಗಿಸಿಕೊಳ್ಳುತ್ತವೆ. ಉಕ್ಕಿಗೆ ಆ ಭಾಗ್ಯವಿಲ್ಲ.

ಪ್ರಶ್ನೆ: ಹಾಗಾದರೆ ಫ್ಲಟರ್ ತಡೆಯಲು ವಿಮಾನದ ರೆಕ್ಕೆಯನ್ನು ದಪ್ಪ ಮಾಡಿದರೆ ಸಾಲದೇ?

ಉತ್ತರ: ಬಿಗಿತ ಬೇಕೇ ಬೇಕು, ಆದರೆ ಭಾರ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ. ರೆಕ್ಕೆಯ ಹಿಂದಂಚಿನಲ್ಲಿ ಕೀಲಿನ ಮೇಲೆ ತಿರುಗುವ ಪಟ್ಟಿಯಾದ ಐಲೆರಾನ್‌ನ ಭಾರ ಕೀಲಿನ ಹಿಂದೆ ವಾಲಿದ್ದರೆ ರೆಕ್ಕೆ ಮೇಲೇಳುವಾಗ ಅದು ಹಿಂದುಳಿಯುತ್ತದೆ. ಆ ತಡವೇ ಫ್ಲಟರ್‌ಗೆ ಶಕ್ತಿ ಕೊಡುತ್ತದೆ. ಅದಕ್ಕೇ ಎಷ್ಟೋ ವಿಮಾನಗಳಲ್ಲಿ ಕೀಲಿನ ಮುಂದೆ ಸೀಸದ ಬಟ್ಟು ಕೂರಿಸಿ ಸಮತೋಲನ ಮಾಡುತ್ತಾರೆ. ಹೊಸ ಬಣ್ಣ ಬಳಿದರೆ ಅದರ ಹೆಚ್ಚಿನ ತೂಕ ಕೀಲಿನ ಹಿಂದೆಯೇ ಸೇರುತ್ತದೆ. ಆದ್ದರಿಂದ ಬಣ್ಣ ಒಣಗಿದ ಮೇಲೆ ತೂಕ ಮತ್ತೆ ನೋಡಲೇಬೇಕು. ಸವೆದು ಸಡಿಲವಾದ ಕೀಲನ್ನೂ ಆಗಲೇ ಬದಲಿಸಬೇಕು.