ಕ್ರೀಟ್‌ನಲ್ಲಿ ಕಡಲತೀರ ಬಿಟ್ಟು ಏನಿದೆ?

ಪ್ರಶ್ನೆ: ಮೇ ಕೊನೆಗೆ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೇವೆ. ಮರಳಲ್ಲಿ ಸುಮ್ನೆ ಮಲಗಲು ನನಗಾಗದು. ಬೇರೇನು ನೋಡಬಹುದು?

ಉತ್ತರ: ಸಮಾರಿಯಾ ಕಣಿವೆಯಲ್ಲಿ ನಡೆಯಿರಿ. ನನಗೆ ಕ್ರೀಟ್ ಅಂದರೆ ಅದೇ. ಬೆಳಿಗ್ಗೆ ಬೇಗ ಕಣಿವೆಯ ಮೇಲ್ತುದಿಯಲ್ಲಿರುವ ಕ್ಸಿಲೊಸ್ಕಾಲೊದಿಂದ ಇಳಿಯಲು ಶುರುಮಾಡಿ. ದಾರಿ ಸುಮಾರು 16 ಕಿ.ಮೀ. ಇಳಿಜಾರು ತಾನೇ ಅಂತ ಹಗುರವಾಗಿ ತಗೊಳ್ಳಬೇಡಿ. ಕಾಲಡಿ ಉರುಟು ಕಲ್ಲುಗಳೇ ಜಾಸ್ತಿ, ಮೊಣಕಾಲಿಗೆ ಭಾರ ಬೀಳುತ್ತದೆ. ಗಟ್ಟಿ ಶೂ ಬೇಕೇ ಬೇಕು. ಕೊನೆಯ ಭಾಗದಲ್ಲಿ ‘ಕಬ್ಬಿಣದ ಬಾಗಿಲು’ ಸಿಗುತ್ತದೆ. ಅಲ್ಲಿ ಮುಗಿಲೆತ್ತರದ ಎರಡು ಬಂಡೆಗಳ ನಡುವೆ ಕೆಲವೇ ಮೀಟರ್ ಜಾಗ! ಕಣಿವೆ ಮುಗಿಯುವ ಕಡಲಂಚಿನ ಹಳ್ಳಿ ಅಗಿಯಾ ರೂಮೆಲಿಗೆ ರಸ್ತೆಯಿಲ್ಲ, ಹಡಗೇ ಗತಿ. ಕೊನೆಯ ಹಡಗಿನ ಸಮಯ ಮೊದಲೇ ಕೇಳಿಕೊಳ್ಳಿ.

ಸಾವಿರಾರು ವರ್ಷ ಹಳೆಯ ನಾಸೋಸ್ ಅರಮನೆಯ ಅವಶೇಷಗಳನ್ನೂ ನೋಡಿ. ಅಲ್ಲಿನ ಗೋಡೆಚಿತ್ರಗಳು ನಕಲು. ಅಸಲಿ ಚಿತ್ರಗಳು ಹೆರಾಕ್ಲಿಯಾನ್ ನಗರದ ಪುರಾತತ್ವ ಮ್ಯೂಸಿಯಂನಲ್ಲಿವೆ. ಅದನ್ನು ಖಂಡಿತ ತಪ್ಪಿಸಬೇಡಿ.