ಮಲೆನಾಡಿನ ಮಳೆಗೆ ಕಿಟಕಿ-ಬಾಗಿಲಿನ ಸಂದಿ ಮುಚ್ಚಲು ಅಂಟಿಸುವ ಪಟ್ಟಿ ಸಾಕಾಗುತ್ತದಾ? ಯಾವುದು ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಹತ್ತಿರ ಮನೆ. ಕೆಳಗೆ ಹಳೇ ಮರದ ಕಿಟಕಿ-ಬಾಗಿಲು, ಮಹಡಿ ಕೋಣೆಗೆ ಹೊಸದಾಗಿ ಹಾಕಿಸಿದ ಅಲ್ಯೂಮಿನಿಯಂ ಜಾರುವ ಕಿಟಕಿ. ಜೂನ್ ಬಂತೆಂದರೆ ಸಂದಿಯಿಂದ ಥಂಡಿ ಗಾಳಿಯೂ ಬರುತ್ತದೆ, ನೀರೂ ಬರುತ್ತದೆ. ಅಂಟಿಸುವ ರಬ್ಬರ್ ಪಟ್ಟಿ ಹಾಕಿದರೆ ನಿಲ್ಲುತ್ತದಾ ಅಂತ.

ನಿಲ್ಲುತ್ತದೆ, ಆದರೆ ಪಟ್ಟಿ ತಡೆಯುವುದು ಗಾಳಿಯನ್ನು. ನೀರಿಗೆ ಬೇರೆ ವ್ಯವಸ್ಥೆ ಬೇಕು. ನಮ್ಮದು ಹೊಸನಗರದ ಕಡೆ. ನಮ್ಮ ಮನೆಗೂ ನೆಂಟರ ಮನೆಗಳಿಗೂ ಈ ಕೆಲಸ ಮಾಡುತ್ತಾ ಬಂದಿದ್ದೇನೆ. ಗಾಳಿ ಬೇರೆ, ನೀರು ಬೇರೆ ಅನ್ನುವುದನ್ನು ಮೊದಲು ಬಿಡಿಸಿಕೊಂಡರೆ ಉಳಿದದ್ದು ಕಷ್ಟವಿಲ್ಲ. ಹಾಗಾಗಿ ಅದನ್ನೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೆಟ್ಟಗೆ ಸುರಿಯುವ ಮಳೆ ಎಷ್ಟೇ ಜೋರಿದ್ದರೂ ಕಿಟಕಿಯೊಳಗೆ ಬರುವುದಿಲ್ಲ. ಸಜ್ಜದಿಂದ ಕೆಳಗೆ ಬಿದ್ದು ಹೋಗುತ್ತದೆ. ತೊಂದರೆ ಎರಚಲಿನದ್ದು. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ, ನೈಋತ್ಯದಿಂದ. ಅದಕ್ಕೇ ಆ ಎರಡು ದಿಕ್ಕಿನ ಗೋಡೆ ಆರಿದ್ರೆಯಲ್ಲಿ ನೆನೆದರೆ ಮಘೆ ಮುಗಿದರೂ ಒಣಗುವುದಿಲ್ಲ. ನಮ್ಮ ಹಿರಿಯರು ಆ ಬದಿಗೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದೂ ಇದಕ್ಕೇ ಅಲ್ವಾ. ಗಾಳಿ ಗೋಡೆಗೆ ಬಡಿದಾಗ ಹೊರಗೆ ಒತ್ತಡ ಜಾಸ್ತಿ, ಒಳಗೆ ಕಮ್ಮಿ. ಸಂದಿ ಇದ್ದರೆ ಗಾಳಿ ಅಲ್ಲಿ ನುಗ್ಗುತ್ತದೆ. ನುಗ್ಗುವಾಗ ಅಂಚಿನಲ್ಲಿ ನಿಂತ ನೀರನ್ನೂ ಎಳೆದುಕೊಂಡು ಬರುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಗಾಳಿಯ ಒತ್ತಡಕ್ಕೆ ನೀರನ್ನು ಸುಮಾರು 12 ಮಿ.ಮೀ. ಮೇಲಕ್ಕೆ ಎತ್ತಿ ನಿಲ್ಲಿಸುವ ಶಕ್ತಿ ಇದೆ. ಅಂದರೆ ನಿಮ್ಮ ಕಿಟಕಿ ಚೌಕಟ್ಟಿನ ಕೆಳಗಿನ ಅಂಚು ಒಂದು ಸೆಂಟಿಮೀಟರ್ ಎತ್ತರ ಇದ್ದರೆ, ಅಂಥ ಗಾಳಿಗೆ ನೀರು ಅದನ್ನು ಹತ್ತಿ ಒಳಗೆ ಇಳಿಯುತ್ತದೆ. "ಮೇಲಿಂದ ಎಲ್ಲೂ ಸೋರುತ್ತಿಲ್ಲ, ಆದರೂ ಕಿಟಕಿ ಕೆಳಗೆ ನೀರು ನಿಂತಿರುತ್ತದೆ" ಅಂತ ಹೇಳುವವರ ಮನೆಯಲ್ಲಿ ಹೆಚ್ಚಾಗಿ ನಡೆಯುವುದು ಇದೇ.

ಈಗ ಕದದ ಒಳ ಅಂಚಿನಲ್ಲಿ ಪಟ್ಟಿ ಹಾಕಿ ಗಾಳಿ ನುಗ್ಗದ ಹಾಗೆ ಮಾಡಿದಿರಿ ಅಂದುಕೊಳ್ಳಿ. ಆಗ ಸಂದಿಯೊಳಗಿನ ಒತ್ತಡವೂ ಹೊರಗಿನ ಒತ್ತಡವೂ ಒಂದೇ ಆಗುತ್ತದೆ. ನೀರನ್ನು ಒಳಗೆ ತಳ್ಳುವವರು ಯಾರೂ ಇಲ್ಲ. ಅದು ತನ್ನ ಭಾರಕ್ಕೆ ತಾನೇ ಹೊರಗೆ ಇಳಿದು ಹೋಗುತ್ತದೆ. ಆದರೆ ಇಳಿಯಲು ದಾರಿ ಇರಬೇಕು. ಹಾಗಾಗಿ ಗಾಳಿಯನ್ನು ಒಳ ಅಂಚಿನಲ್ಲಿ ತಡೆಯಿರಿ, ಹೊರ ಅಂಚನ್ನು ನೀರು ಹೋಗಲು ಬಿಡಿ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಹೊರಗಡೆಯಿಂದ ಸುತ್ತ ಸಿಲಿಕೋನ್ ಬಳಿದು, ನೀರು ಹೋಗುವ ತೂತನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ. ಎಲ್ಲೋ ಒಂದು ಕೂದಲೆಳೆ ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಬರಲು ಜಾಗವೇ ಇರುವುದಿಲ್ಲ. ಚೌಕಟ್ಟಿನ ಬುಡ ಕೊಳೆಯುತ್ತದೆ, ಆಮೇಲೆ ಗೆದ್ದಲು.

ಪಟ್ಟಿ ಕೊಳ್ಳುವ ಮೊದಲು ಹೊರಗೆ ನಿಂತು ಎರಡು ವಿಷಯ ನೋಡಿ. ಸಜ್ಜದ ಅಡಿಭಾಗದಲ್ಲಿ, ಹೊರ ಅಂಚಿನ ಹತ್ತಿರ, ಉದ್ದಕ್ಕೂ ಒಂದು ಗೀರು ಇದೆಯಾ? ಆ ಗೀರು ಇಲ್ಲದಿದ್ದರೆ ನೀರು ಸಜ್ಜದ ಅಡಿಗೆ ಅಂಟಿಕೊಂಡೇ ಹರಿದು ಗೋಡೆಗೆ, ಅಲ್ಲಿಂದ ಕಿಟಕಿ ತಲೆಗೆ ಬರುತ್ತದೆ. ಗಾರೆಯವರಿಗೆ ಹೇಳಿದರೆ ಒಂದು ಬೆರಳಗಲದ ಗೀರು ಕೊರೆದು ಕೊಡುತ್ತಾರೆ. ಇಲ್ಲವೇ ಅಂಚಿಗೆ ಸಣ್ಣ ಅಲ್ಯೂಮಿನಿಯಂ ಕೋನಪಟ್ಟಿ ಕೂರಿಸಿದರೂ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇನ್ನೊಂದು, ಕಿಟಕಿ ಕೆಳಗಿನ ಕಲ್ಲು ಹೊರಗೆ ಇಳಿಜಾರಿದೆಯಾ ಅಂತ ಒಂದು ಲೋಟ ನೀರು ಹೊಯ್ದು ನೋಡಿ. ನೀರು ಒಳಗೆ ತಿರುಗಿದರೆ ಯಾವ ಪಟ್ಟಿಯೂ ನಿಮ್ಮನ್ನು ಕಾಪಾಡುವುದಿಲ್ಲ.

ನಿಮ್ಮ ಕೆಳಗಿನ ಕಿಟಕಿಗಳು ಹಳೇ ಮಾದರಿಯವು ಅಂದಿರಿ. ಹೊರಗೆ ಸರಳು, ಕದ ಒಳಗೆ ತೆರೆಯುವ ಜಾತಿ ಇರಬೇಕು. ಇವುಗಳಲ್ಲಿ ಕದದ ಮೈಮೇಲೆ ಇಳಿದ ನೀರು ಸೀದಾ ಚೌಕಟ್ಟಿನ ಕೆಳಗಿನ ಕಚ್ಚಿಗೆ, ಅಂದರೆ ಮುಚ್ಚಿದ ಕದ ಕೂರಲು ಚೌಕಟ್ಟಿನಲ್ಲಿ ಕೊರೆದ ಮೆಟ್ಟಿಲಿನಂಥ ಜಾಗಕ್ಕೆ, ಬಂದು ಕೂರುತ್ತದೆ. ಕದದ ಹೊರಮೈಗೆ, ತೀರಾ ಕೆಳಗೆ, ಮುಂದಕ್ಕೆ ಇಳಿಜಾರಾದ ಒಂದು ಮರದ ಪಟ್ಟಿ ಹೊಡೆಸಿ. ಸರಳಿಗೆ ತಾಗದಷ್ಟು ಅಗಲ ಸಾಕು. ನೀರು ಕಚ್ಚಿಗೆ ಹೋಗದೆ ಕಲ್ಲಿನ ಮೇಲೆ ಬೀಳುತ್ತದೆ. ಬಡಗಿಗೆ ಸಣ್ಣ ಕೆಲಸ, ಗುಣ ಮಾತ್ರ ದೊಡ್ಡದು.

ಇನ್ನು ಪಟ್ಟಿಯ ವಿಷಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಪಂಜಿನಂಥ ಫೋಮ್ ಟೇಪ್ ನಿಮಗೆ ಬೇಡ. ಅದು ನೀರು ಹೀರುತ್ತದೆ, ಚಪ್ಪಟೆಯಾಗುತ್ತದೆ, ಮರಕ್ಕೆ ತೇವ ಹಿಡಿದಿಡುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಬರೀ ಧೂಳು ತಡೆಯಲಿಕ್ಕೆ ಹಾಕಿದರೆ ಒಂದಷ್ಟು ಕಾಲ ನಡೆದೀತು. ಅಲ್ಲಿ ವರ್ಷದ ಮಳೆ 1000 ಮಿ.ಮೀ. ಆಸುಪಾಸು. ನಿಮ್ಮ ತಾಲೂಕಿನದೇ ಆದ ಆಗುಂಬೆಯಲ್ಲಿ 7000 ಮಿ.ಮೀ. ಮೀರುತ್ತದೆ. ಪೇಟೆಯವರು ಚೆನ್ನಾಗಿದೆ ಅಂದ ಟೇಪು ಘಟ್ಟದ ಅಂಚಿನ ಮನೆಗೆ ಹೊಂದುವುದಿಲ್ಲ. ನೀವು ಇಪಿಡಿಎಂ ರಬ್ಬರ್ ಪಟ್ಟಿ ಅಂತಲೇ ಕೇಳಿ. ಕಾರಿನ ಬಾಗಿಲ ಸುತ್ತ ಇರುವ ಕಪ್ಪು ರಬ್ಬರ್ ಸಾಮಾನ್ಯವಾಗಿ ಇದೇ ಜಾತಿ. ಬಿಸಿಲಿಗೆ, ಮಳೆಗೆ ಬೇಗ ಹಾಳಾಗುವುದಿಲ್ಲ, ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತದೆ. ಇದರಲ್ಲಿ ಅಡ್ಡ ಕುಯ್ದಾಗ ಕಾಣುವ ಆಕಾರದ ಮೇಲೆ ಇ, ಪಿ, ಡಿ (ಇಂಗ್ಲಿಷಿನ E, P, D) ಅಂತ ಹೆಸರು. ಸಾಧಾರಣವಾಗಿ ಇ ಆಕಾರದ್ದು 2ರಿಂದ 3.5 ಮಿ.ಮೀ. ಸಂದಿಗೆ, ಪಿ ಆಕಾರದ್ದು 3ರಿಂದ 5ಕ್ಕೆ, ಡಿ ಆಕಾರದ್ದು 4ರಿಂದ 6ಕ್ಕೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಡಬ್ಬಿಯ ಮೇಲೆ ಬರೆದಿದ್ದನ್ನು ನೋಡಿ ತಗೊಳ್ಳಿ.

ಅಳತೆ ಇಲ್ಲದೆ ಅಂಗಡಿಗೆ ಹೋಗಬೇಡಿ. ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೌಕಟ್ಟಿನ ಕಚ್ಚಿಗೆ ಇಡಿ. ಕದ ಹಾಕಿ ಚಿಲಕ ಹಾಕಿ. ತೆರೆದು ಚಪ್ಪಟೆಯಾದ ಹಿಟ್ಟಿನ ದಪ್ಪ ಅಳೆಯಿರಿ. ಅದೇ ನಿಮ್ಮ ಸಂದಿ. ಮೇಲೆ, ಕೆಳಗೆ, ನಡುವೆ, ಎರಡೂ ಬದಿ ಹೀಗೆ ನೋಡಬೇಕು, ಯಾಕೆಂದರೆ ಹಳೇ ಕದಗಳು ಒಂದಷ್ಟು ತಿರುಚಿಕೊಂಡಿರುತ್ತವೆ. ಮೇಲ್ಗಡೆ 2 ಮಿ.ಮೀ. ಇದ್ದು ಕೆಳಗಡೆ 5 ಇದ್ದರೆ ಎರಡು ಬಗೆಯ ಪಟ್ಟಿ ತರಬೇಕಾಗುತ್ತದೆ. ಎಲ್ಲ ಕಡೆ ದಪ್ಪದ್ದೇ ಹಾಕಿದರೆ ಚಿಲಕ ಬೀಳುವುದಿಲ್ಲ, ದಿನಾ ಒದ್ದು ಹಾಕಿದರೆ ಹಿಂಜಸ್ ಸ್ಕ್ರೂ ಕಿತ್ತು ಬರುತ್ತದೆ. ಮುಚ್ಚಿದಾಗ ಪಟ್ಟಿ ತನ್ನ ದಪ್ಪದ ಮೂರನೇ ಒಂದರಿಂದ ಅರ್ಧದಷ್ಟು ಒತ್ತಿಕೊಳ್ಳಬೇಕು. ಅಂಟಿಸಿದ ಮೇಲೆ ಒಂದು ಕಾಗದದ ಚೂರು ಸಿಕ್ಕಿಸಿ ಕದ ಹಾಕಿ ಎಳೆಯಿರಿ. ಸ್ವಲ್ಪ ಬಿಗಿಯಾಗಿ ಬಂದರೆ ಸರಿ. ಗಾಳಿ ಇರುವ ದಿನ ಊದುಬತ್ತಿ ಹಿಡಿದು ಸಂದಿಯುದ್ದಕ್ಕೂ ಸಾಗಿದರೆ ಎಲ್ಲಿ ಬಿಟ್ಟಿದೆ ಅಂತ ಹೊಗೆಯೇ ತೋರಿಸುತ್ತದೆ.

ಮರದ ಕದಕ್ಕೆ ಪಟ್ಟಿ ಎಲ್ಲಿ ಅಂಟಿಸಬೇಕು ಅನ್ನುವುದು ಯಾವ ಪಟ್ಟಿ ಅನ್ನುವುದಕ್ಕಿಂತ ಮುಖ್ಯ. ಮರ ಉದ್ದಕ್ಕೆ ಹೆಚ್ಚು ಉಬ್ಬುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಒಂದಡಿ ಅಗಲದ ಸಾಗುವಾನಿ ಹಲಗೆ ಫೆಬ್ರವರಿಗೂ ಜುಲೈಗೂ ಎರಡು ಮೂರು ಮಿ.ಮೀ. ವ್ಯತ್ಯಾಸ ತೋರಿಸಬಹುದು. ಅದಕ್ಕೇ ಬೇಸಿಗೆಯಲ್ಲಿ ಸಲೀಸಾಗಿ ಹಾಕಿದ ಕದ ಪುಷ್ಯ ಮಳೆ ಹೊತ್ತಿಗೆ ಬಿಗಿದುಕೊಳ್ಳುವುದು. ಕದದ ಪಕ್ಕದ ಅಂಚಿಗೆ, ಅಂದರೆ ದಾರಂದಕ್ಕೆ ಉಜ್ಜುವ ಜಾಗಕ್ಕೆ ಪಟ್ಟಿ ಅಂಟಿಸಿದರೆ ಮಳೆಗಾಲದಲ್ಲಿ ಕದ ಹಾಕಲಿಕ್ಕೇ ಆಗುವುದಿಲ್ಲ, ಪಟ್ಟಿಯೂ ಕಿತ್ತು ಬರುತ್ತದೆ. ಕದದ ದಪ್ಪ ಮಾತ್ರ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ಅದು ಇರುವುದೇ ಒಂದಿಂಚು ಒಂದೂವರೆ ಇಂಚು. ಆದ್ದರಿಂದ ಕದದ ಮೈ ಬಂದು ಒತ್ತುವ ಕಚ್ಚಿನ ಮುಖಕ್ಕೆ ಅಂಟಿಸಿ. ಅಲ್ಲಿ ಪಟ್ಟಿ ಒತ್ತಿಕೊಳ್ಳುತ್ತದೆ, ಉಜ್ಜಿಕೊಳ್ಳುವುದಿಲ್ಲ. ಆಷಾಢದಲ್ಲಿ ಬಿಗಿಯಾಯಿತೆಂದು ಕದದ ಅಂಚನ್ನು ಉಜ್ಜುಗೊರಡು ಹಾಕಿ ಕೆರೆಸಬೇಡಿ. ಶಿವರಾತ್ರಿ ಹೊತ್ತಿಗೆ ಅದೇ ಜಾಗದಲ್ಲಿ ಬೆಳಕು ಕಾಣುತ್ತದೆ. ಅದರ ಬದಲು ಬೇಸಿಗೆಯಲ್ಲಿ ಕದದ ತಲೆಗೂ ಬುಡಕ್ಕೂ ಬಣ್ಣ ಬಳಿಸಿ. ಬಣ್ಣದವರು ಅಲ್ಲಿ ಬ್ರಷ್ ಆಡಿಸದೆ ಬಿಡುವುದು ಜಾಸ್ತಿ. ಮರದ ಎಳೆಯ ತುದಿ ತೆರೆದಿರುವ ಜಾಗದಿಂದಲೇ ತೇವ ಬೇಗ ಒಳಗೆ ಹೋಗುವುದು.

ಅಂಟಿಸುವ ಕಾಲ ಏಪ್ರಿಲ್, ಮೇ. ರೋಹಿಣಿ ಮಳೆಗೆ ಮುಂಚೆ ಮುಗಿಸಿ. ಮರ ಒಣಗಿರಬೇಕು. ಪೊರೆ ಏಳುವ ಹಳೇ ಬಣ್ಣವನ್ನು ಸ್ಯಾಂಡ್ ಪೇಪರ್ ಹಾಕಿ ತೆಗೆಯಿರಿ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಆರಲು ಬಿಡಿ. ಹೊಸದಾಗಿ ಎನಾಮಲ್ ಹೊಡೆಸಿದ್ದರೆ ಒಂದೆರಡು ವಾರ ಕಾಯಿರಿ, ಇಲ್ಲದಿದ್ದರೆ ಪಟ್ಟಿ ಬಣ್ಣಕ್ಕೇ ಕಚ್ಚಿಕೊಳ್ಳುತ್ತದೆ. ಪಟ್ಟಿಯನ್ನು ಎಳೆದು ಅಂಟಿಸಬೇಡಿ. ಎಳೆದ ರಬ್ಬರ್ ನಿಧಾನಕ್ಕೆ ಕುಗ್ಗಿ ಮೂಲೆಯಲ್ಲಿ ಸಂದಿ ಬಿಡುತ್ತದೆ, ಗಾಳಿ ಮೊದಲು ಹುಡುಕುವುದೇ ಮೂಲೆಯನ್ನು. ಒಂದು ಮಾತು ನೆನಪಿಡಿ: ಇಪಿಡಿಎಂಗೆ ಸೀಮೆಎಣ್ಣೆ, ಗ್ರೀಸು, ಮಷಿನ್ ಎಣ್ಣೆ ಆಗುವುದಿಲ್ಲ, ಉಬ್ಬಿ ಹಾಳಾಗುತ್ತದೆ. ಹಿಂಜಸ್‌ಗೆ ಎಣ್ಣೆ ಬಿಡುವಾಗ ಪಟ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ. ಕದ ಪಟ್ಟಿಗೆ ಅಂಟಿಕೊಳ್ಳುತ್ತಿದ್ದರೆ ಸ್ವಲ್ಪ ಪೌಡರ್ ಸವರಿದರೆ ಸಾಕು.

ಮಹಡಿಯ ಜಾರುವ ಕಿಟಕಿಗೆ ಈ ರಬ್ಬರ್ ಬೇಡ, ಅಲ್ಲಿ ಕದ ಉಜ್ಜಿಕೊಂಡೇ ಓಡುತ್ತದೆ. ಅದಕ್ಕೆ ಬ್ರಷ್‌ನಂಥ ಕೂದಲಿನ ಪಟ್ಟಿ ಬರುತ್ತದೆ, ಅಲ್ಯೂಮಿನಿಯಂ ಕೆಲಸದವರು ವುಲ್ ಪೈಲ್ ಅನ್ನುತ್ತಾರೆ. ಈಗಾಗಲೇ ಇದ್ದೇ ಇರುತ್ತದೆ, ಸವೆದು ಮಲಗಿದ್ದರೆ ಹಳೆಯದರ ತುಂಡು ಒಯ್ದು ಅದೇ ಅಗಲ, ಅದೇ ಎತ್ತರದ್ದು ತಂದು ಎಳೆದು ಕೂರಿಸಿ. ಅದಕ್ಕೂ ಮೊದಲು ಟ್ರ್ಯಾಕು ನೋಡಿ. ಹೊರಬದಿಯಲ್ಲಿ ನೀರು ಹೋಗಲು ಸಣ್ಣ ತೂತುಗಳು ಇರಬೇಕು. ಧೂಳು, ಸತ್ತ ಮಳೆಹುಳು, ಗಾರೆ ಸೇರಿ ಅವು ಮುಚ್ಚಿರುತ್ತವೆ. ತಂತಿ ಆಡಿಸಿ ಬಿಡಿಸಿ, ಚೊಂಬಿನಲ್ಲಿ ನೀರು ಹೊಯ್ದು ಹೊರಗೆ ಹೋಗುತ್ತದಾ ನೋಡಿ. ತೂತೇ ಇಲ್ಲದಿದ್ದರೆ ಹಾಕಿಕೊಟ್ಟವರನ್ನು ಕರೆಸಿ ಕೊರೆಸಿ. ನಿಮ್ಮ ಮಹಡಿ ಕೋಣೆಯ ನೀರಿಗೆ ಕಾರಣ ಇದೇ ಅಂತ ನನ್ನ ಬಲವಾದ ಅನುಮಾನ.

ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕು ಬೇರೆ ವಿಷಯ. ಅದಕ್ಕೆ ಪಟ್ಟಿ ಅಲ್ಲ, ಟ್ಯೂಬಿನ ಸೀಲೆಂಟ್. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಹುಳಿ ಜಾತಿಯದು, ಸಿಮೆಂಟಿನ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಕಬ್ಬಿಣಕ್ಕೆ ತುಕ್ಕು ತರುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೇಳಿ. ಮೇಲೆ ಬಣ್ಣ ಹೊಡೆಯಬೇಕಿದ್ದರೆ ಸಿಲಿಕೋನ್ ಬೇಡ, ಬಣ್ಣ ನಿಲ್ಲುವುದಿಲ್ಲ. ಪಿಯು (ಪಾಲಿಯುರೆಥೇನ್) ಸೀಲೆಂಟ್ ಒಳ್ಳೆಯದು.

ಮುಂಬಾಗಿಲಿನ ಬುಡಕ್ಕೆ ಸ್ಕ್ರೂ ಹಾಕಿ ಕೂರಿಸುವ ಅಲ್ಯೂಮಿನಿಯಂ-ರಬ್ಬರ್ ಪಟ್ಟಿ ಹಾಕಿಸಿ. ಗಾಳಿಯ ಜೊತೆಗೆ ಇಂಬಳ, ಜರಿ ಬರುವುದೂ ನಿಲ್ಲುತ್ತದೆ. ಹೊಸಿಲಿಗೆ ಬರೀ ತಾಗಿದರೆ ಸಾಕು, ಉಜ್ಜಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಡುಗೆಮನೆ, ಬಚ್ಚಲುಮನೆ, ಒಲೆ ಇರುವ ಯಾವ ಜಾಗವನ್ನೂ ಹೀಗೆ ಬಿಗಿಯಾಗಿ ಮುಚ್ಚಬೇಡಿ. ಗ್ಯಾಸ್ ಗೀಸರ್, ಕೆಂಡದ ಅಗ್ಗಿಷ್ಟಿಕೆ ಉರಿಯುವ ಕಡೆ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಅಲ್ಲಿನ ಗವಾಕ್ಷಿ ಮಳೆಗಾಲದಲ್ಲೂ ತೆರೆದೇ ಇರಲಿ, ಎರಚಲು ಬಂದರೆ ಹೊರಗೊಂದು ಸಣ್ಣ ತಗಡಿನ ಮರೆ ಕಟ್ಟಿಸಿ. ಮಲಗುವ ಕೋಣೆಗಳನ್ನೂ ದಿನವಿಡೀ ಮುಚ್ಚಿಟ್ಟರೆ ಉಸಿರಿನ ತೇವ, ಒಣಹಾಕಿದ ಬಟ್ಟೆಯ ತೇವ ಅಲ್ಲೇ ಉಳಿದು ಗೋಡೆಗೆ, ಹಾಸಿಗೆಗೆ ಬೂಸಲು ಬರುತ್ತದೆ. ಮಳೆ ಹೊಳವಾದಾಗ ಎದುರು-ಬದುರು ಕಿಟಕಿ ತೆರೆದು ಗಾಳಿ ಆಡಿಸಿ. ಪಟ್ಟಿ ಹಾಕಿದ ಕಿಟಕಿಯ ಅನುಕೂಲವೇ ಅದು, ಬೇಕೆಂದಾಗ ತೆರೆಯಬಹುದು, ಬೇಡವೆಂದಾಗ ನಿಜವಾಗಿ ಮುಚ್ಚಬಹುದು.

ಎಲ್ಲಾ ಕಿಟಕಿಗೂ ಒಂದೇ ಸಲ ದುಡ್ಡು ಹಾಕಬೇಡಿ. ಪಡುವಣದ ಗೋಡೆಯವು ಮೊದಲು, ಮೂಡಣದವು ಕಡೆಗೆ. ನಿಮ್ಮ ಕೆಳಗಿನ ಕದಗಳು ಒಳಗೆ ತೆರೆಯುತ್ತವೋ ಹೊರಗೋ, ಹಿಟ್ಟಿನ ಅಳತೆಯಲ್ಲಿ ಎಷ್ಟು ಬಂತು, ಮಹಡಿ ಕಿಟಕಿಯ ಟ್ರ್ಯಾಕಿಗೆ ತೂತು ಇದೆಯೋ ಇಲ್ಲವೋ ಬರೆಯಿರಿ. ಯಾವ ಆಕಾರದ್ದು ಎಷ್ಟು ಮೀಟರ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.