ಹುಲಿ-ಕುರಿ ಆಟವನ್ನು ಕಂಪ್ಯೂಟರಿಗೆ ತರಲು ಎಲ್ಲಿಂದ ಆರಂಭಿಸಬೇಕು?

ಚಿತ್ರದುರ್ಗದಲ್ಲಿ ಓದುತ್ತಿರುವ ತಾವು, ಹುಲಿ-ಕುರಿ ಆಟವನ್ನು ಕಂಪ್ಯೂಟರಿಗೆ ಅಳವಡಿಸಲು ಮೊದಲು ಗ್ರಾಫಿಕ್ಸ್ ಕಲಿಯಬೇಕೇ, ಯಂತ್ರವೇ ಎದುರಾಳಿಯಾಗಿ ಆಡಲು ಕೃತಕ ಬುದ್ಧಿಮತ್ತೆಯ ಪರಿಣತಿ ಬೇಕೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಇದೇ ಆಟವನ್ನು ಪೈಥಾನ್‌ನಲ್ಲಿ ಬರೆದವನಾಗಿ ಹೇಳುವುದಾದರೆ, ಪರದೆಯ ಕೆಲಸ ಕಡೆಯದು. ಚಿತ್ರದ ಹಂಗಿಲ್ಲದೆ ನಿಯಮಗಳಷ್ಟೇ ಸರಿಯಾಗಿ ನಡೆಯುವಂತೆ ಮೊದಲು ಮಾಡಿಕೊಳ್ಳಬೇಕು.

ಈ ಆಟದಲ್ಲಿ ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ, ಕುರಿಗಳು ಹುಲಿಗಳು ಕದಲದಂತೆ ಸುತ್ತುಗಟ್ಟುತ್ತವೆ. ಮೂರು ಹುಲಿ, ಹದಿನೈದು ಕುರಿ, 23 ಮನೆಗಳ (ಗೆರೆಗಳು ಕೂಡುವ ಬಿಂದುಗಳ) ಪಟವನ್ನು ಚದುರಂಗದಂತೆ ಚೌಕಗಳ ಕೋಷ್ಟಕದಲ್ಲಿ ತುಂಬಲು ಹೋದರೆ ತ್ರಿಕೋನದ ತುದಿಯ ಮನೆಗೆ ಸರಿಯಾದ ಜಾಗವೇ ಸಿಗುವುದಿಲ್ಲ. ಪ್ರತಿ ಮನೆಗೂ ಒಂದು ಸಂಖ್ಯೆ ಕೊಟ್ಟು ಎರಡು ಪಟ್ಟಿಗಳನ್ನು ಬರೆದುಕೊಳ್ಳಿ. ಗೆರೆಯಿಂದ ಯಾವ ಮನೆಗೆ ಯಾವ ಮನೆ ಸೇರಿದೆ ಎಂಬುದು ಒಂದು. ಹುಲಿ ನಿಂತ ಮನೆ, ನಡುವೆ ಕುರಿಯಿರುವ ಮನೆ, ಹಾರಿ ಇಳಿಯುವ ಮನೆ ಎಂಬ ಮೂರರ ಗುಂಪುಗಳದ್ದು ಇನ್ನೊಂದು. ಈ ಎರಡನೆಯದನ್ನು ಬಿಡುವಂತಿಲ್ಲ. ಏಕೆಂದರೆ ಆ ಮೂರು ಮನೆಗಳು ಒಂದೇ ನೇರದಲ್ಲಿವೆಯೋ, ನಡುವೆ ದಾರಿ ತಿರುಗುತ್ತದೆಯೋ ಎಂಬುದು ಆಡುವವರ ಕಣ್ಣಿಗೆ ಕಂಡರೂ ನೆರೆಮನೆಗಳ ಪಟ್ಟಿಯಿಂದ ತಿಳಿಯುವುದಿಲ್ಲ.

ಎಲ್ಲ ಕುರಿಗಳನ್ನು ಇಡುವ ಮುನ್ನವೇ ಹುಲಿ ಹಾರಬಹುದೇ, ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ, ಒಂದೇ ಸ್ಥಿತಿ ಮತ್ತೆ ಮತ್ತೆ ಬಂದರೆ ಏನು ಮಾಡಬೇಕು ಎಂಬುದನ್ನು ಎದುರುಬದುರು ಕುಳಿತವರು ಮಾತಿನಲ್ಲೇ ತೀರ್ಮಾನಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಅದನ್ನು ಮೊದಲೇ ಬರೆದುಕೊಡಬೇಕು. ತಮ್ಮ ಕಡೆಯ ಹಿರಿಯರು ಆಡುವ ನಿಯಮವನ್ನೇ ಕೇಳಿ ಬರೆಯಿರಿ ಎಂಬುದು ನನ್ನ ಆಗ್ರಹದ ಕೋರಿಕೆ. ನೇಪಾಳದ ಬಾಘ್‌ಚಾಲ್‌ನ ನಿಯಮಗಳನ್ನು ತಂದು ಬೆರೆಸಬೇಡಿ. 25 ಮನೆ, ನಾಲ್ಕು ಹುಲಿ, ಇಪ್ಪತ್ತು ಕುರಿಗಳ ಅದು ಬೇರೆಯೇ ಆಟ.

ಯಂತ್ರವೇ ಎದುರಾಳಿಯಾಗಿ ಆಡುವ ಮಟ್ಟಿಗೆ, ಎದುರಿನವನು ತನಗೆ ಒಳ್ಳೆಯದಾದ ನಡೆಯನ್ನೇ ಆಡುತ್ತಾನೆಂದು ಎಣಿಸಿ ಮುಂದಿನ ನಡೆಗಳನ್ನು ತೂಗುವ ಮಿನಿಮ್ಯಾಕ್ಸ್ ವಿಧಾನ, ಜೊತೆಗೆ ವ್ಯರ್ಥ ಹುಡುಕಾಟವನ್ನು ಕಡಿಯುವ ಆಲ್ಫಾ-ಬೀಟಾ ಸಾಕು. ಸ್ಥಿತಿಯೊಂದರ ಬೆಲೆ ಕಟ್ಟುವಾಗ ಸತ್ತ ಕುರಿಗಳನ್ನಷ್ಟೇ ಎಣಿಸಿದರೆ ಹುಲಿಯನ್ನು ಕಟ್ಟಿಹಾಕುವ ವಿದ್ಯೆ ಕುರಿಪಕ್ಷಕ್ಕೆ ಬರುವುದೇ ಇಲ್ಲ. ಆದ್ದರಿಂದ ಹುಲಿಗಳಿಗೆ ಇನ್ನೆಷ್ಟು ನಡೆಗಳು ಉಳಿದಿವೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಮುಂದೆ ಉತ್ಸಾಹವಿದ್ದರೆ ಇನ್ನೂ ದೂರ ಹೋಗಿ, ಆಟದ ಎಲ್ಲ ಸ್ಥಿತಿಗಳ ಫಲಿತಾಂಶವನ್ನೂ ಲೆಕ್ಕ ಹಾಕಿಡಬಹುದು. ಮೂರು ಹುಲಿಗಳು ನಿಲ್ಲುವ ಬಗೆಗಳು 1,771. ಉಳಿದ 20 ಮನೆಗಳಲ್ಲಿ ಹದಿನೈದರವರೆಗೆ ಕುರಿಗಳನ್ನು ಇಡುವ ಬಗೆಗಳು 10,42,380. ಇವೆರಡರ ಗುಣಲಬ್ಧ ಸುಮಾರು 184.6 ಕೋಟಿ. ಯಾರ ಸರದಿ ಎಂಬುದೂ ಸೇರಿದರೆ ಸುಮಾರು 369 ಕೋಟಿ. ಗೆಲುವು, ಸೋಲು, ಸಮ ಎಂಬುದನ್ನು ಗುರುತಿಸಲು ಸ್ಥಿತಿಗೆ ಎರಡು ಬಿಟ್‌ನಂತೆ ಇಟ್ಟರೂ, ಕುರಿಗಳನ್ನೆಲ್ಲ ಇಟ್ಟು ಮುಗಿದ ನಂತರದ ಇಡೀ ಆಟ ಒಂದು ಜಿಬಿಗಿಂತ ಕಡಿಮೆ ಜಾಗದಲ್ಲಿ ಹಿಡಿಯುತ್ತದೆ. ಸೋಲು-ಗೆಲುವು ತೀರ್ಮಾನವಾದ ಸ್ಥಿತಿಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಯಾವ ನಡೆ ಗೆಲ್ಲಿಸುತ್ತದೆ ಎಂಬುದು ಖಚಿತವಾಗುತ್ತದೆ. ಆ ಹಂತಕ್ಕೆ ಪೈಥಾನ್ ನಿಧಾನವಾದೀತು, ಸಿ ಭಾಷೆಯಲ್ಲಿ ಬರೆಯಿರಿ.